ಸುಣ್ಣದ ಕಲ್ಲಿಗೆ ನೀರು

ಮಾರ್ಚ್ ೪

ಅಕ್ಕಾ,

ಒಂದು ಡ್ರಮ್ಮು ನೀರು ಇಡಲು ಬಿಡದೆ ಸಂಘದ ಮೇನೇಜರ್ ನಮ್ಮಪ್ಪನಿಗೆ ಧೂಳು ಕುಡಿಸಿ ಕೊಲ್ಲುತ್ತಿದ್ದಾನೆ. ಕ್ಷೇಮ ಸಮಾಚಾರದಿಂದಲೇ ಶುರು ಮಾಡೋಣವೆಂದು ಕೂತಿದ್ದೆ. ಸುಳ್ಳು ಬರೆಯಲು ಕೈ ಓಡಲಿಲ್ಲ.

ನೀನು ಇಲ್ಲಿದ್ದಾಗ ಸುಣ್ಣದ ಗೂಡು ಉರಿಯುತ್ತಿತ್ತು. ಅದು ಆರಿ ವರ್ಷವಾಯಿತು. ಹುಳಿ ಹಿಡಿದ ಹೊಲಕ್ಕೆ ಸುಟ್ಟ ಸುಣ್ಣವೇ ಆಗಬೇಕೆಂದಿಲ್ಲ, ಸುಡದ ಕಲ್ಲನ್ನೇ ನುಣ್ಣಗೆ ಅರೆದು ಎರಚಿದರೂ ಮಣ್ಣಿನ ಹುಳಿ ಇಳಿಯುತ್ತದೆ. ಸೌದೆ ಬೇಡ, ಹೊಗೆ ಬೇಡ. ಇದನ್ನು ನಾನು ಕರಪತ್ರ ನೋಡಿ ಹೇಳಿದಾಗ ಎಲ್ಲರೂ ನಕ್ಕಿದ್ದರು. ಈಗ ರೈತರ ಸಂಘದವರೇ ಡೀಸೆಲ್ ಎಂಜಿನ್ನನ್ನೂ ಕಲ್ಲು ಅರೆಯುವ ಯಂತ್ರವನ್ನೂ ತರಿಸಿ ತಗಡಿನ ಚಾವಣಿಯ ಕೆಳಗೆ ಕೂರಿಸಿದ್ದಾರೆ. ಯಂತ್ರದ ಮೇಲೆ ನನಗೆ ಕೋಪವಿಲ್ಲ, ಪ್ರೀತಿಯೇ ಇದೆ. ಬೆಳಗ್ಗೆ ಡ್ರೈವರು ಎಂಜಿನ್ನಿನ ತಲೆಗೆ ಬ್ಲೋ ಲ್ಯಾಂಪಿನ ಉರಿ ಹಿಡಿದು ಕೆಂಪಗೆ ಕಾಯಿಸುತ್ತಾನೆ. ಆಮೇಲೆ ಇಬ್ಬರು ಸೇರಿ ದೊಡ್ಡ ಗಾಲಿಯನ್ನು ಎಳೆದು ಬಿಟ್ಟರೆ ಅದು ಒಮ್ಮೆ ಕೆಮ್ಮಿ, ಒಮ್ಮೆ ಸೀನಿ, ಹೊರಟೇಬಿಡುತ್ತದೆ. ಬೆಲ್ಟು ಓಡುತ್ತದೆ, ಕಬ್ಬಿಣದ ದವಡೆ ಕಲ್ಲು ಅಗಿಯುತ್ತದೆ, ಕೆಳಗಿನ ಜರಡಿಯಿಂದ ಬಿಳಿ ಪುಡಿ ಬಿಸಿಬಿಸಿಯಾಗಿ ಸುರಿಯುತ್ತದೆ. ನಾನು ಗೋಣಿಚೀಲಗಳ ಬಾಯಿ ಹೊಲಿಯುತ್ತೇನೆ. ಅಪ್ಪ ಯಂತ್ರದ ಬಾಯಿಗೆ ಕಲ್ಲು ಹಾಕುತ್ತಾನೆ.

ಧೂಳು ಏಳುವುದೇ ಆ ಬಾಯಲ್ಲಿ. ಮಧ್ಯಾಹ್ನದ ಹೊತ್ತಿಗೆ ಅಪ್ಪನ ಹುಬ್ಬು, ರೆಪ್ಪೆ, ಕಿವಿಯ ಕೂದಲು ಎಲ್ಲ ಬಿಳಿ. "ನಿಮ್ಮಪ್ಪನ್ನ ಗೋಡೆಗೆ ಎರಡು ಸಲ ಉಜ್ಜಿದ್ರೆ ಸುಣ್ಣ ಹೊಡೆಯೋ ಕೂಲಿ ಉಳಿಯುತ್ತೆ" ಅಂತಾನೆ ಡ್ರೈವರು. ನಗು ಬರುತ್ತದೆ. ಆದರೆ ಮನೆಗೆ ಬಂದಮೇಲೆ ಅಪ್ಪ ಕೆಮ್ಮುವುದನ್ನು ಡ್ರೈವರು ಕೇಳಿಲ್ಲ. ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಂತು, ಗೋಡೆಯಲ್ಲಿ ಹೊಡೆದ ಮೊಳೆಯೊಂದನ್ನು ಅಲ್ಲಾಡಿಸಿ ನೋಡುತ್ತಾನೆ, ಏನೋ ಕೆಲಸವಿರುವವನ ಹಾಗೆ. ಆ ಮೊಳೆ ಅಲ್ಲಾಡಿ ಅಲ್ಲಾಡಿ ಸಡಿಲವಾಗಿದೆ.

ಪರಿಹಾರ ಬೆರಳ ತುದಿಯಲ್ಲಿದೆ. ಕಲ್ಲನ್ನು ಹಾಕುವ ಮುಂಚೆ ಸ್ವಲ್ಪ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಜರಡಿ ಕಟ್ಟಿಕೊಳ್ಳುವಷ್ಟು ಬೇಡ, ಕಲ್ಲಿನ ಮೈ ಒದ್ದೆಯಾದರೆ ಸಾಕು. ಅದಕ್ಕೆಂದು ನಲ್ಲಿ ಜೋಡಿಸಿದ ಡ್ರಮ್ಮೊಂದು ಬಂತು. ಮಾರನೆಯ ಬೆಳಗ್ಗೆ ನೋಡಿದರೆ ಡ್ರಮ್ಮು ಮಗುಚಿ ಬಿದ್ದಿತ್ತು. ಮತ್ತೆ ತುಂಬಿಸಿದೆವು. ಮತ್ತೆ ಮಗುಚಿತ್ತು, ನಲ್ಲಿಯೂ ಮುರಿದಿತ್ತು. "ಚೀಲ ಒದ್ದೆಯಾದ್ರೆ ರೈತರ ಹತ್ತಿರ ಬೈಸಿಕೊಳ್ಳೋನು ನಾನು" ಎಂದು ಮೇನೇಜರ್ ಹಿಂದೊಮ್ಮೆ ಗೊಣಗಿದ್ದು ನನ್ನ ಕಿವಿಗೇ ಬಿದ್ದಿದೆ. ಅವನಲ್ಲದೆ ಇನ್ಯಾರು?

ಅಪ್ಪ ಮಾತ್ರ "ಸುಮ್ಮನಿರು ಮಾರಾಯ್ತಿ" ಅನ್ನುತ್ತಾನೆ. ಮೂಗಿಗೆ ಕಟ್ಟಿಕೊಳ್ಳುವ ಬಟ್ಟೆಯನ್ನಾದರೂ ಒದ್ದೆ ಮಾಡಿಕೊಡುತ್ತೇನೆಂದು ಕೊಟ್ಟರೆ, ಅದನ್ನು ಹಿಂಡಿ ಬಿಸಿಲಿಗೆ ಹಾಕಿ, ಪೂರ್ತಿ ಒಣಗಿದ ಮೇಲೆ ಕಟ್ಟಿಕೊಂಡ. ಗುಲಾಮತನ ಅಂದರೆ ಇದೇ ತಾನೇ? ಮುಂದಿನ ಸಂಘದ ಸಭೆಯಲ್ಲಿ ನಾನು ಎದ್ದು ನಿಲ್ಲುತ್ತೇನೆ. ನಿನ್ನ ಆಸ್ಪತ್ರೆಯ ಡಾಕ್ಟರ ಹತ್ತಿರ ಧೂಳಿನಿಂದ ಎದೆಗೆ ಏನಾಗುತ್ತದೆಂದು ಕೇಳಿ ಬರೆ.

ಅಪ್ಪ ನಿನ್ನ ಬಗ್ಗೆ ಈ ಸಲವೂ ಏನೂ ಕೇಳಲಿಲ್ಲ. ಯಾರ ಮಾತಿಗೂ ಕಾಯದೆ ನೀನು ಆಸ್ಪತ್ರೆಯ ಬಾಯ್ಲರ್ ನೋಡಿಕೊಳ್ಳುವವರನ್ನು ಮದುವೆಯಾದೆಯಲ್ಲ, ಆ ಸಿಟ್ಟು ಇನ್ನೂ ಇಳಿದಿಲ್ಲ. ಭಾವನಿಗೆ ಇದನ್ನು ಓದಿ ಹೇಳಬೇಡ.

ನಿನ್ನ ತಂಗಿ


ಮಾರ್ಚ್ ೧೨

ಪ್ರೀತಿಯ ಮೆಣಸಿನಕಾಯಿಗೆ,

ನಿನ್ನ ಕಾಗದ ಬಂದ ದಿನ ಲಾಂಡ್ರಿಯಲ್ಲಿ ಎರಡು ವಾರ್ಡಿನ ಹಾಸಿಗೆ ಬಟ್ಟೆ ಒಟ್ಟಿಗೆ ಬಂದಿತ್ತು. ಉಗಿಯ ನಡುವೆ ನಿಂತು ಓದಿದೆ. ಹಾಳೆ ನೆನೆದು ಮೆತ್ತಗಾಯಿತು, ನಿನ್ನ ಮಾತು ಮಾತ್ರ ಮೆತ್ತಗಾಗಲಿಲ್ಲ. ಭಾವನಿಗೆ ಓದಿ ಹೇಳಬೇಡ ಎಂದಿದ್ದೆ. ಅವರು ನನ್ನ ಹೆಗಲ ಮೇಲಿಂದಲೇ ಓದುತ್ತಿದ್ದರು. "ನಿನ್ನ ತಂಗಿಯನ್ನ ನನ್ನ ಬಾಯ್ಲರಿಗೆ ಹಾಕಿದ್ರೆ ಒಂದು ತಿಂಗಳು ಕಲ್ಲಿದ್ದಲು ಬೇಕಾಗಲ್ಲ" ಅಂದರು. ಮೆಚ್ಚುಗೆಯಿಂದಲೇ ಹೇಳಿದ್ದು.

ಡಾಕ್ಟರನ್ನು ಕೇಳುತ್ತೇನೆ. ಅವರು ವಾರಕ್ಕೊಮ್ಮೆ ಎದೆರೋಗದ ವಾರ್ಡಿಗೆ ಬರುತ್ತಾರೆ, ಆಗ ಹಿಡಿಯಬೇಕು.

ಅಲ್ಲಿಯವರೆಗೆ ಒಂದು ಮಾತು ಕೇಳು. ಡ್ರಮ್ಮನ್ನು ಮೇನೇಜರೇ ಮಗುಚಿದ್ದೆಂದು ಯಾರು ನೋಡಿದ್ದಾರೆ? ನೀನು ನೋಡಿದ್ದೀಯಾ? ನೋಡದೆ ಸಭೆಯಲ್ಲಿ ಯಾರ ಹೆಸರನ್ನೂ ಎತ್ತಬೇಡ. ಆಡಿದ ಮಾತು ಒಡೆದ ಮುತ್ತು. ಒದ್ದೆ ಬಟ್ಟೆಯನ್ನು ಅಪ್ಪ ಬಿಸಿಲಿಗೆ ಹಾಕಿದನೆಂದು ಬರೆದಿದ್ದೀಯಲ್ಲ, ಆಗ ಅವನ ಮುಖ ಹೇಗಿತ್ತು? ಏನಾದರೂ ಅಂದನೇ?

ಕಲ್ಲಿಗೆ ನೀರು ಹಾಕುವ ವಿಷಯ ಮೊದಲು ಅಪ್ಪನ ಹತ್ತಿರವೇ ಮಾತಾಡು. ಊಟ ಮುಗಿದ ಮೇಲೆ, ಅವನು ಕೈ ತೊಳೆದು ಕೂತಾಗ. ಸಭೆಯಲ್ಲಿ ಮಾತಾಡುವ ಹಾಗೆ ಅಲ್ಲ, ಮಗಳ ಹಾಗೆ.

ಇನ್ನೇನೋ ಬರೆಯಬೇಕೆಂದಿದ್ದೆ, ಗಂಟೆ ಹೊಡೆಯಿತು. ಬಟ್ಟೆ ಕಾಯುತ್ತಿದೆ.

ನಿನ್ನ ಅಕ್ಕ


ಮಾರ್ಚ್ ೧೮

ಅಕ್ಕಾ,

ನಿನ್ನ ಕಾಗದ ಓದಿ ನನಗೆ ನಾಚಿಕೆಯಾಯಿತು, ನಿನ್ನ ಬಗ್ಗೆ. ಅಪ್ಪ ಉಸಿರಿಗೆ ಪರದಾಡುತ್ತಿದ್ದರೆ ನೀನು ಒದ್ದೆ ಬಟ್ಟೆಯ ಸಮಾಚಾರ ಕೇಳುತ್ತೀಯ. ಯಾರು ನೋಡಿದ್ದಾರೆ, ಯಾರು ಕೇಳಿದ್ದಾರೆ ಎನ್ನುವುದೆಲ್ಲ ಹೊಟ್ಟೆ ತುಂಬಿದವರ ಪ್ರಶ್ನೆ. ಚಿಕ್ಕವಳಿದ್ದಾಗ ಜ್ವರಕ್ಕೆ ಒಂದು ಕಣ್ಣು ಕೊಟ್ಟೆ. ಇನ್ನೊಂದನ್ನು ಆ ಪಟ್ಟಣಕ್ಕೆ ಕೊಟ್ಟುಬಿಟ್ಟೆಯಾ?

ನೀನು ಹೇಳಿದೆಯೆಂದು ಅಪ್ಪನ ಹತ್ತಿರ ಮಾತಾಡಿದೆ, ಊಟವಾದ ಮೇಲೆ, ಮಗಳ ಹಾಗೆಯೇ. ಕೇಳು.

"ಅಪ್ಪಾ, ಕಲ್ಲಿಗೆ ನೀರು ಹಾಕೋದು ಬೇಡ ಅಂತ ನಿನಗೂ ಅನ್ಸುತ್ತಾ?"

"ಸುಣ್ಣಕ್ಕೆ ನೀರು ತೋರಿಸಬಾರದು."

"ಅದು ಸುಣ್ಣ ಅಲ್ಲಪ್ಪ, ಬರೀ ಕಲ್ಲು. ಗಣಿಯಲ್ಲಿ ಮಳೆಗೆ ನೆನೆಯುತ್ತಲ್ಲ, ಅದೇ ಕಲ್ಲು. ಸುಟ್ಟರೆ ತಾನೇ ಸುಣ್ಣ?"

"ಗಣೀಲಿ ಇರೋವರೆಗೂ ಕಲ್ಲು. ಎಂಜಿನ್ ತಲೆ ಕೆಂಡದ ಹಾಗೆ ಕಾದ ಮೇಲೆ ತಾನೇ ಇದೆಲ್ಲ ತಿರುಗೋದು? ಪುಡಿ ಮುಟ್ಟಿ ನೋಡಿದ್ದೀಯಾ? ಬಿಸಿ. ಬೆಂಕಿ ಗೂಡಲ್ಲಿದ್ರೇನು, ಎಂಜಿನ್ನಲ್ಲಿದ್ರೇನು? ಬೆಂಕಿ ಹತ್ತಿದ ಬಿಳಿ ಪುಡಿ ಸುಣ್ಣಾನೇ."

ನನಗೆ ನಗು ತಡೆಯಲಾಗಲಿಲ್ಲ. ಕಲ್ಲಿಗೂ ಕಲ್ಲಿಗೂ, ಕಲ್ಲಿಗೂ ಕಬ್ಬಿಣಕ್ಕೂ ತಿಕ್ಕಾಟವಾಗಿ ಬಂದ ಬಿಸಿ ಅದು, ಅಂಗೈ ಅಂಗೈ ಉಜ್ಜಿದರೂ ಬಿಸಿಯಾಗುತ್ತದೆ, ಹಾಗೆಂದು ಕೈ ಸುಟ್ಟು ಸುಣ್ಣವಾಗುತ್ತದೆಯೇ ಎಂದೆ. ಅಪ್ಪ ಅಂಗೈ ನೋಡಿಕೊಂಡ. ಎದ್ದು ಹೋಗಿ ಮಲಗಿದ. ಜೀವನವಿಡೀ ಗೂಡಿನ ಮುಂದೆ ಬೆಂದವನ ತಲೆಯಲ್ಲಿ ಮೂಢನಂಬಿಕೆ ಉಳಿಯದೆ ಇನ್ನೇನು ಉಳಿಯುತ್ತದೆ? ತಪ್ಪು ಅವನದಲ್ಲ. ಅವನಿಗೆ ತಿಳಿಸದೆ ಇಟ್ಟವರದು.

ಸಭೆ ನಿನ್ನೆ ಆಯಿತು. ನಾನು ಬೆಂಚಿನ ಮೇಲೆ ನಿಂತೆ. "ದುಡಿಯುವವರ ಶ್ವಾಸಕೋಶ ಸಂಘದ ಆಸ್ತಿಯಲ್ಲ" ಎಂದು ಶುರುಮಾಡಿ, ಡ್ರಮ್ಮು ಮಗುಚಿದ ಕೈ ಯಾರದೆಂದು ಬೆರಳು ಮಾಡಿ ತೋರಿಸಿದೆ. ಮೇನೇಜರ್ ಕಿವಿಯವರೆಗೂ ಕೆಂಪಾದ. "ಡ್ರಮ್ಮು ತರಿಸಿಕೊಟ್ಟಿದ್ದೇ ನಾನು ಕಣಮ್ಮ, ನಾನ್ಯಾಕೆ ಮಗುಚಲಿ?" ಅಂದ. ಯಾರೂ ನಂಬಲಿಲ್ಲ. ಹಿಂದಿನ ಸಾಲಿನಿಂದ ಒಬ್ಬ, "ಕುರಿ ತಂದವನೇ ತಾನೇ ಕುರಿ ಕೊಯ್ಯೋದು" ಅಂದ, ಎಲ್ಲರೂ ನಕ್ಕರು. ಮುಂದಿನ ಸಭೆಯವರೆಗೆ ಅವನನ್ನು ಇಟ್ಟುಕೊಳ್ಳಬೇಕೋ ಬೇಡವೋ ಯೋಚಿಸುತ್ತಾರಂತೆ. ಹೊಸ ಡ್ರಮ್ಮು ಇವತ್ತೇ ಬಂತು. ಗೆದ್ದೆವು ಅಕ್ಕಾ.

ಅಪ್ಪ ಸಭೆಯ ಮೂಲೆಯಲ್ಲಿ ಇದ್ದ. ಮನೆಗೆ ಬರುವಾಗ ನನ್ನ ಜೊತೆ ನಡೆಯಲಿಲ್ಲ.

ನಿನ್ನ ತಂಗಿ


ಮಾರ್ಚ್ ೨೩

ಅಕ್ಕಾ,

ಹೋದ ಕಾಗದದಲ್ಲಿ ನಿನ್ನ ಕಣ್ಣಿನ ಬಗ್ಗೆ ಬರೆದದ್ದನ್ನು ಹರಿದು ಹಾಕು. ನಿನ್ನ ಉತ್ತರಕ್ಕೆ ಕಾಯುವ ತಾಳ್ಮೆಯಿಲ್ಲದೆ ಬರೆಯುತ್ತಿದ್ದೇನೆ.

ಡ್ರಮ್ಮು ಮಗುಚಿದ್ದು ಅಪ್ಪ.

ನಿನ್ನೆ ಊಟದ ಹೊತ್ತಿಗೆ ಎಂಜಿನ್ ನಿಂತಿತ್ತು. ಎಲ್ಲರೂ ಮರದ ಕೆಳಗೆ ಇದ್ದರು. ಸೂಜಿ ಮರೆತು ನಾನು ಶೆಡ್ಡಿಗೆ ವಾಪಸು ಹೋದೆ. ಅಪ್ಪ ಡ್ರಮ್ಮಿಗೆ ಎದೆ ಕೊಟ್ಟು ನೂಕುತ್ತಿದ್ದ. ಸಿಟ್ಟಿನಿಂದ ಅಲ್ಲ. ಒಲೆಯ ಪಕ್ಕದಿಂದ ಮಗುವನ್ನು ಆಚೆ ಎಳೆಯುವವರ ಹಾಗೆ, ಪುಡಿಯ ರಾಶಿಯಿಂದ ದೂರಕ್ಕೆ, ಹೊರಗಿನ ಇಳಿಜಾರಿನ ಕಡೆಗೆ. ಡ್ರಮ್ಮು ಉರುಳಿತು. ನೀರು ಗಾಡಿಯ ಜಾಡಿನಲ್ಲಿ ಹರಿದುಹೋಯಿತು. ನನ್ನ ಹೆಜ್ಜೆಯ ಸದ್ದು ಕೇಳಿ ಅಪ್ಪ ತಿರುಗಿದ. ಎರಡೂ ಕೈ ಚಾಚಿ ನನಗೂ ರಾಶಿಗೂ ನಡುವೆ ನಿಂತು, "ಹತ್ತಿರ ಬರಬೇಡ ಗುಬ್ಬಿ, ಕಣ್ಣು ಮುಚ್ಚಿಕೋ, ಕಣ್ಣು ಮುಚ್ಚಿಕೋ" ಅಂದ.

ನಾನು ಮುಚ್ಚಿಕೊಂಡೆ. ಯಾಕೆಂದು ಗೊತ್ತಿಲ್ಲ. ಆ ದನಿಗೆ ಎದುರಾಡುವುದು ನನ್ನಿಂದಲೂ ಆಗಲಿಲ್ಲ. ತೆರೆದಾಗ ಅಪ್ಪ ನೆಲದ ಮೇಲೆ ಕೂತು ಕೆಮ್ಮುತ್ತಿದ್ದ. ನಾನು ಯಾರೆಂದು ಆಗ ಗುರುತು ಹಿಡಿದವನ ಹಾಗೆ, "ನೀನಾ" ಅಂದ. ಅಷ್ಟೇ.

ಗುಬ್ಬಿ ಯಾರು? ನನ್ನನ್ನು ಅಪ್ಪ ಯಾವತ್ತೂ ಹಾಗೆ ಕರೆದಿಲ್ಲ. ನೀನು ಏನೋ ಬರೆಯಬೇಕೆಂದಿದ್ದೆ, ಗಂಟೆ ಹೊಡೆಯಿತು ಎಂದಿದ್ದೆ. ಈ ಸಲ ಗಂಟೆ ಹೊಡೆದರೂ ಬರೆ.

ಇನ್ನೊಂದು ಕಡೆ, ಮೇನೇಜರು ಸಂಘದ ಬಾಗಿಲಲ್ಲಿ ತಲೆ ತಗ್ಗಿಸಿ ಹೋಗುವುದನ್ನು ದಿನಾ ನೋಡುತ್ತಿದ್ದೇನೆ.

ನಿನ್ನ ತಂಗಿ


ಮಾರ್ಚ್ ೩೦

ತಂಗೀ,

ಗುಬ್ಬಿ ನಾನು. ಅಪ್ಪ ನನ್ನನ್ನು ಹಾಗೆ ಕರೆಯುತ್ತಿದ್ದ, ಹಾಲು ಹಲ್ಲು ಬೀಳುವ ವಯಸ್ಸಿನವರೆಗೂ. ಆಮೇಲೆ ಒಂದು ದಿನ ನಿಲ್ಲಿಸಿದ.

ನನ್ನ ಕಣ್ಣು ಜ್ವರದಿಂದ ಹೋದದ್ದಲ್ಲ. ನೀನು ಹುಟ್ಟುವುದಕ್ಕೆ ಮುಂಚೆ ಅಪ್ಪನಿಗೆ ಗೂಡಿಗೆ ಕುಡಿಯುವ ನೀರು ಒಯ್ಯುವುದು ನನ್ನ ಕೆಲಸ. ಆ ದಿನ ಗೂಡಿನಿಂದ ಸುಣ್ಣ ಆಗತಾನೇ ಎಳೆದು ಹಾಕಿದ್ದರು. ಅಪ್ಪ ದೂರದಿಂದಲೇ "ಗುಬ್ಬಿ, ಬೇಗ ಬಾ, ಗಂಟಲು ಒಣಗಿದೆ" ಎಂದು ಕೂಗಿದ. ಓಡಿದೆ. ಕಾಲು ಎಡವಿತು, ಕೊಡ ರಾಶಿಯ ಮೇಲೆ ಬಿತ್ತು. ಸುಣ್ಣ ಕುದಿದು ಚಿಮ್ಮಿತು. ಅಷ್ಟೇ ನನಗೆ ನೆನಪಿರುವುದು.

ಮುಂದಿನದು ಅಮ್ಮ ಹೇಳಿದ್ದು. ಅಪ್ಪ ತನ್ನ ಪಂಚೆಯಿಂದ, ಒಣ ಬಟ್ಟೆಯಿಂದ, ನನ್ನ ಕಣ್ಣು ಒರೆಸುತ್ತಲೇ ಹೊತ್ತುಕೊಂಡು ಓಡಿದನಂತೆ. ಡಾಕ್ಟರ ಹತ್ತಿರ ಹೋದಾಗ ಅವರು, ತಕ್ಷಣ ಕೊಡಗಟ್ಟಲೆ ನೀರು ಹಾಕಿ ತೊಳೆದಿದ್ದರೆ ಈ ಕಣ್ಣೂ ಉಳಿಯುತ್ತಿತ್ತು ಅಂದರಂತೆ. ಅಪ್ಪ ಒಂದೇ ಮಾತು ಹೇಳಿದ್ದು: "ನೀರಿಂದಲೇ ಸುಟ್ಟಿದ್ದಲ್ಲವಾ ಸ್ವಾಮಿ, ಮತ್ತೆ ನೀರು ಹೇಗೆ ಹಾಕಲಿ?" ಮಾರನೆಯ ದಿನದಿಂದ ಕುಡಿಯುವ ನೀರಿಗೆ ತಾನೇ ಬಾವಿಯವರೆಗೆ ನಡೆದು ಹೋಗುತ್ತಿದ್ದ. ಯಾರ ಮಕ್ಕಳೂ ಗೂಡಿನ ಹತ್ತಿರ ಸುಳಿಯುವ ಹಾಗಿರಲಿಲ್ಲ. ಎಲ್ಲರೂ ಅವನನ್ನು ಮುಂಗೋಪಿ ಎಂದರು.

ನೀನು ಹುಟ್ಟಿದಾಗ, ನಿನಗೆ ಇದನ್ನು ಹೇಳಬಾರದೆಂದು ಅಮ್ಮನ ಹತ್ತಿರ ಮಾತು ತೆಗೆದುಕೊಂಡ. ಮನೆಯಲ್ಲಿ ಒಬ್ಬ ಮಗಳಾದರೂ ತನ್ನನ್ನು ನೋಡುವಾಗ ಅದನ್ನು ನೆನೆಯದಿರಲಿ ಎಂದು. ಅಮ್ಮ ಹೋದಮೇಲೆ ಆ ಮಾತು ನನ್ನ ಹತ್ತಿರ ಉಳಿಯಿತು. ನೀನು ಡ್ರಮ್ಮಿನ ಸಂಗತಿ ಬರೆದ ದಿನವೇ ನನಗೆ ಅನುಮಾನ ಬಂತು. ಬರೆಯಲು ಕೂತೆ, ಬರೆಯಲಾಗಲಿಲ್ಲ.

ಇನ್ನೊಂದು. ಅಪ್ಪನಿಗೆ ನನ್ನ ಮದುವೆಯ ಮೇಲೆ ಸಿಟ್ಟಿದೆಯೆಂದು ನೀನು ಪ್ರತಿ ಕಾಗದದಲ್ಲೂ ಬರೆಯುತ್ತೀಯ. ನಿನ್ನ ಭಾವನನ್ನು ಎಲ್ಲರಿಗಿಂತ ಮೊದಲು ಒಪ್ಪಿಕೊಂಡವನೇ ಅವನು. ರೈಲು ಹತ್ತಿಸಲು ಬಂದಾಗ ಅವರಿಗೆ ಹೇಳಿದ: "ರಸ್ತೇಲಿ ಇವಳ ಎಡಗಡೆ ನಡೀರಿ. ಆ ಕಡೆಯಿಂದ ಬರೋದು ಅವಳಿಗೆ ಕಾಣಲ್ಲ." ಅವನು ಅಷ್ಟು ವರ್ಷವೂ ನಡೆದದ್ದು ಅಲ್ಲೇ. ನನ್ನ ಬಗ್ಗೆ ಕೇಳದೆ ಇರುವುದು ಸಿಟ್ಟಿನಿಂದಲ್ಲ. ಕೇಳಿದರೆ ಏನು ಉತ್ತರ ಬರುತ್ತದೋ ಎಂಬ ಭಯ.

ಡಾಕ್ಟರನ್ನು ಕೇಳಿದೆ. ಧೂಳು ಈಗಲೇ ನಿಂತರೆ ಆ ಕೆಮ್ಮು ಇಳಿಯಬಹುದಂತೆ. ಇನ್ನೊಂದು ಬಿತ್ತನೆಯ ಕಾಲವೂ ಹೀಗೆಯೇ ಹೋದರೆ ತಾನು ಏನೂ ಹೇಳಲಾರೆ ಅಂದರು.

ಅಪ್ಪನಿಗೆ ನಾನು ಹೇಳಿದೆನೆಂದು ಈಗಲೇ ಹೇಳಬೇಡ. ಮೇನೇಜರ ಹತ್ತಿರ ಹೋಗು. ಅದು ನಿನ್ನಿಂದ ಆಗುವ ಕೆಲಸ.

ನಿನ್ನ ಅಕ್ಕ


ಏಪ್ರಿಲ್ ೫

ಅಕ್ಕಾ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೆಂದು ಬರೆಯುವುದಿಲ್ಲ. ಅಂಗೈ ಉಜ್ಜುವ ಮಾತಾಡಿ ಅಪ್ಪನನ್ನು ನೋಡಿ ನಕ್ಕೆನಲ್ಲ, ಅದನ್ನೇ ನೆನೆಯುತ್ತಿದ್ದೇನೆ.

ಮೇನೇಜರ ಮನೆಗೆ ಹೋದೆ. ಅವರು ಬನಿಯನ್ನಿನಲ್ಲಿ ಕೂತು ಚಪ್ಪಲಿಗೆ ಮೊಳೆ ಹೊಡೆಯುತ್ತಿದ್ದರು. ನನ್ನನ್ನು ನೋಡಿ ಒಳಗೆ ಹೋಗಿ ಅಂಗಿ ಹಾಕಿಕೊಂಡು ಬಂದರು, ಇನ್ನೊಂದು ಭಾಷಣಕ್ಕೆ ತಯಾರಾದವರ ಹಾಗೆ. ತಪ್ಪು ನನ್ನದು, ಡ್ರಮ್ಮು ಮಗುಚಿದ್ದು ನೀವಲ್ಲ ಎಂದೆ. ಯಾರೆಂದು ಕೇಳಲೇ ಇಲ್ಲ.

"ನಿಮ್ಮಪ್ಪ ಅಂತ ನನಗೆ ಗೊತ್ತಿತ್ತು. ಎರಡನೇ ಸಲವೇ ನೋಡಿದ್ದೆ."

"ಮತ್ತೆ ಸಭೇಲಿ ಯಾಕೆ ಹೇಳಲಿಲ್ಲ?"

"ಬೆಂಚಿನ ಮೇಲೆ ನೀನು ನಿಂತಿದ್ದೆ. ಮೂಲೇಲಿ ಅವರು ಕೂತಿದ್ದರು. ನಡುವೆ ನಾನು ಏನು ಹೇಳಲಿ?" ಚಪ್ಪಲಿಯನ್ನು ಪಕ್ಕಕ್ಕಿಟ್ಟರು. "ಬೈಗುಳ ನನಗೆ ಹೊಸದಲ್ಲ. ಚೀಲ ಹಗುರವಾದ್ರೆ ಬೈತಾರೆ, ಭಾರವಾದ್ರೂ ಬೈತಾರೆ."

ಮುಂದಿನ ಸಭೆಯಲ್ಲಿ, ಅಪ್ಪನ ಸುದ್ದಿ ಎತ್ತದೆ, ನಾನು ನೋಡದೆ ಆಡಿದೆ ಎಂದು ಅದೇ ಬೆಂಚಿನ ಮೇಲೆ ನಿಂತು ಹೇಳುತ್ತೇನೆ ಎಂದೆ. "ಬೆಂಚು ಬೇಡ, ಅದರ ಒಂದು ಕಾಲು ನೀನು ಹೋದ ಸಲವೇ ಮುರಿದೆ" ಅಂದರು. ಅಪ್ಪನಿಗೆ ಚೀಲ ಹೊಲಿಯುವ ಕೆಲಸ ಕೊಡಲು ಅವರು ಮೊದಲೇ ಕರೆದಿದ್ದರಂತೆ. ನೆರಳು, ಧೂಳು ಕಡಿಮೆ, ಕೂಲಿಯೂ ಈಗಿನಷ್ಟೇ. ಅಪ್ಪ ಒಪ್ಪಿಲ್ಲ.

ಯಾಕೆ ಒಪ್ಪಲಿಲ್ಲ ಎಂದು ಅಪ್ಪನನ್ನೇ ಕೇಳಿದೆ. "ನಾನು ಆ ಯಂತ್ರದ ಬಾಯಿ ಬಿಟ್ಟು ಹೋದರೆ, ಬರೋನು ನೀರು ಹಾಕ್ತಾನೆ. ಚೀಲ ಹೊಲಿಯೋ ಹುಡುಗೀರೆಲ್ಲ ಅಲ್ಲೇ ಕೂತಿರ್ತಾರೆ" ಅಂದ. ಅಕ್ಕಾ, ಅಪ್ಪ ಅಲ್ಲಿ ಕೂಲಿಗೆ ನಿಂತಿಲ್ಲ. ಕಾವಲಿಗೆ ನಿಂತಿದ್ದಾನೆ. ನಮಗೆ. ನನಗೆ.

ನನ್ನಿಂದಾದದ್ದು ಮಾಡಿದೆ. ಪುಡಿ ತಂದು ಅವನ ಕಣ್ಣೆದುರಿಗೆ ಲೋಟದ ನೀರಿಗೆ ಹಾಕಿದೆ. ಏನೂ ಆಗಲಿಲ್ಲ, ತಳಕ್ಕೆ ಇಳಿದು ಕೂತಿತು. ಅಪ್ಪ ಬಾಗಿಲ ಹತ್ತಿರ ನಿಂತೇ ನೋಡಿ, "ಅದು ನಿನ್ನೇದು, ತಣ್ಣಗಾಗಿದೆ. ಈಗತಾನೇ ಬಿದ್ದದ್ದು ಬೇರೆ" ಅಂದ. ಬಿಸಿ ಪುಡಿಯ ಹತ್ತಿರ ಲೋಟ ಒಯ್ಯಲು ಹೋದರೆ ನನ್ನ ಕೈ ಹಿಡಿದುಕೊಂಡ. ಎಷ್ಟು ಗಟ್ಟಿಯಾಗಿ ಹಿಡಿದನೆಂದರೆ ಬಿಡಿಸಿಕೊಳ್ಳಲು ಮನಸ್ಸು ಬರಲಿಲ್ಲ.

ನಿನ್ನೆ ಕೆಲಸದ ನಡುವೆ ಕಲ್ಲು ಕೈಯಿಂದ ಜಾರಿ ಕಾಲ ಮೇಲೆ ಬಿತ್ತು. ಗಾಯ ದೊಡ್ಡದಲ್ಲ. ಉಸಿರು ಸಾಲದೆ ತಲೆ ಸುತ್ತಿ ಬಂದಿತ್ತು, ಅದಕ್ಕೇ ಜಾರಿದ್ದು. ಯಂತ್ರದ ಬಾಯಿ ಒಂದು ಗೇಣು ದೂರದಲ್ಲಿತ್ತು. ಡ್ರೈವರು ಬೆಲ್ಟು ಜಾರಿಸಿ ನಿಲ್ಲಿಸಿದ. ಅವನೂ ತಮಾಷೆ ಮಾಡಲಿಲ್ಲ.

ನನ್ನ ಹತ್ತಿರ ಮಾತು ಮುಗಿದಿದೆ ಅಕ್ಕಾ. ಇದನ್ನು ನಾನು ಬರೆಯುತ್ತೇನೆಂದು ನೀನು ಎಣಿಸಿರಲಿಕ್ಕಿಲ್ಲ.

ನಿನ್ನ ತಂಗಿ


ಏಪ್ರಿಲ್ ೧೧

ತಂಗೀ,

ನಾನು ಬರುತ್ತೇನೆ.

ನಿನ್ನ ಕಾಗದ ಬಂದ ಮೇಲೆ ಮೂರು ಸಲ ರಜೆ ಕೇಳಲು ಹೋಗಿ ಬಾಗಿಲಿಂದ ವಾಪಸು ಬಂದೆ. ಅಪ್ಪನಿಗೆ ಮಾತ್ರ ಭಯವೆಂದುಕೊಂಡಿದ್ದೆ. ಗೋಡೆಗೆ ಸುಣ್ಣ ಬಳಿಯುವ ಓಣಿಯಲ್ಲಿ ನಾನು ಇವತ್ತಿಗೂ ಸುತ್ತು ಹಾಕಿಕೊಂಡು ಹೋಗುತ್ತೇನೆ. ಇದು ನಿನ್ನ ಭಾವನಿಗೆ ಗೊತ್ತು, ಇನ್ಯಾರಿಗೂ ಗೊತ್ತಿಲ್ಲ. "ಹೋಗು, ನಾನೂ ಬರಲಾ?" ಅಂದರು. ಬೇಡವೆಂದೆ. "ಹಾಗಾದ್ರೆ ಎಡಗಡೆ ಯಾರು ನಡೀತಾರೆ?" ಅಂದರು. ಅಲ್ಲಿ ಅದಕ್ಕೆ ಜನ ಇದ್ದಾರೆ ಎಂದೆ.

ನನ್ನ ಯೋಚನೆ ಇದು. ಪುಡಿ ಬಿಸಿ ಇರುವಾಗಲೇ, ಅಪ್ಪನ ಎದುರಿಗೆ, ನಾನು ಕೊಡದಿಂದ ನೀರು ಹಾಕುತ್ತೇನೆ. ಕಣ್ಣು ತೆರೆದುಕೊಂಡೇ ಹತ್ತಿರ ಬಾಗಿ ನಿಲ್ಲುತ್ತೇನೆ. ನಿನ್ನ ಕರಪತ್ರದ ಮಾತನ್ನು ಅವನು ನಂಬಬೇಕಾಗಿಲ್ಲ, ನನ್ನ ಮುಖ ನೋಡಿದರೆ ಸಾಕು. ನೀನು ಸುಳ್ಳು ಓದಿಲ್ಲ ತಾನೇ? ಕೇಳುವುದು ತಮಾಷೆಗಲ್ಲ. ನನಗೆ ಇರುವುದು ಒಂದೇ ಕಣ್ಣು.

ಆದರೆ ಮೋಸ ಮಾಡಿ ಅವನನ್ನು ಅಲ್ಲಿಗೆ ಕರೆದು ತರುವುದು ಬೇಡ. ನಾನು ಯಾಕೆ ಬರುತ್ತಿದ್ದೇನೆಂದು ಮುಂಚೆಯೇ ಹೇಳು. ನಿನಗೆ ಎಲ್ಲ ಗೊತ್ತಾಗಿದೆಯೆಂದೂ ಹೇಳು. ಅವನು ಬೇಡವೆಂದರೆ ಯಂತ್ರದ ಕಡೆ ಹೋಗುವುದೇ ಬೇಡ, ಎರಡು ದಿನ ಅವನ ಜೊತೆ ಮನೆಯಲ್ಲಿ ಕೂತು ಬರುತ್ತೇನೆ. ಬಲವಂತ ಮಾಡಬೇಡ. ನಿನಗೆ ಇದು ಕಷ್ಟ, ಗೊತ್ತು.

ಏಪ್ರಿಲ್ ೨೧ರಿಂದ ನಾಲ್ಕು ದಿನ ರಜೆ ಕೊಟ್ಟಿದ್ದಾರೆ. ಅಪ್ಪ ಏನಂದನೆಂದು ತಕ್ಷಣ ಬರೆ.

ನಿನ್ನ ಅಕ್ಕ


ಏಪ್ರಿಲ್ ೧೬

ಅಕ್ಕಾ,

ಓದಿದ್ದು ಸುಳ್ಳಲ್ಲ. ಆದರೂ ನಿನ್ನ ಕಾಗದ ಬಂದಮೇಲೆ ಮೂರು ದಿನ, ಅಪ್ಪ ಕಾಲಿಗೆ ಕಟ್ಟು ಹಾಕಿಸಿಕೊಳ್ಳಲು ಹೋದ ಹೊತ್ತು ನೋಡಿ, ಜರಡಿಯ ಕೆಳಗೆ ಆಗತಾನೇ ಬಿದ್ದ ಪುಡಿಗೆ ನಾನೇ ನೀರು ಹಾಕಿ ನೋಡಿದೆ. ಮುಖ ಹತ್ತಿರ ತಂದು. ಇಷ್ಟು ವರ್ಷ ಗಟ್ಟಿಯಾಗಿ ಹೇಳಿಕೊಂಡು ತಿರುಗಿದ್ದನ್ನು ನಾನೂ ಇದೇ ಮೊದಲ ಸಲ ಪರೀಕ್ಷೆ ಮಾಡಿದ್ದು. ಪುಡಿ ಒದ್ದೆಯಾಗಿ ತಣ್ಣಗಾಯಿತು, ಅಷ್ಟೇ. ಕುದಿಯಲಿಲ್ಲ, ಸದ್ದಿರಲಿಲ್ಲ. ಧೈರ್ಯವಾಗಿ ಬಾ.

ಸಭೆಯಲ್ಲಿ ಹೇಳಬೇಕಾದ್ದನ್ನು ಹೇಳಿದೆ, ನೆಲದ ಮೇಲೆ ನಿಂತು. ಮೇನೇಜರು ಉಳಿದರು. ಕುರಿಯ ಮಾತಾಡಿದವನು ಈಗ ನನ್ನನ್ನು ನೋಡಿ ಬ್ಯಾ ಅನ್ನುತ್ತಾನೆ. ಅನ್ನಲಿ.

ನಿನ್ನೆ ಸಂಜೆ ಅಪ್ಪನಿಗೆ ಎಲ್ಲ ಹೇಳಿದೆ. ಅವನು ಅಂಗಳದ ಕಲ್ಲಿನ ಮೇಲೆ ಕೂತಿದ್ದ. ಅಕ್ಕ ಬರೆದಿದ್ದಾಳೆ, ಕಣ್ಣಿನ ವಿಷಯ ನನಗೆ ಗೊತ್ತು ಅಂದೆ. ಅಪ್ಪ ನನ್ನನ್ನು ನೋಡಲಿಲ್ಲ. ನಾನೂ ಬೇರೆ ಕಡೆ ನೋಡಿದೆ. ನೀನು ಯಾಕೆ ಬರುತ್ತೀಯೆಂದು ಹೇಳಿದೆ, ಬೇಡವೆಂದರೆ ಬೇಡ ಎಂದೂ ಹೇಳಿದೆ. ಆಮೇಲೆ ಬಾಯಿ ಮುಚ್ಚಿಕೊಂಡು ಕೂತೆ. ನೀನು ನೋಡಬೇಕಿತ್ತು.

ಅಪ್ಪ ಬಹಳ ಹೊತ್ತು ಕೆಮ್ಮಿದ. ಅದು ನಿಂತ ಮೇಲೆ ಕೇಳಿದ್ದು: "ಅವಳಿಗೆ ಇನ್ನೂ ನೋವು ಬರುತ್ತಾ, ಚಳಿಗಾಲದಲ್ಲಿ?"

ಗೊತ್ತಿಲ್ಲ ಎಂದೆ.

"ಬಂದಾಗ ಕೇಳಬೇಕು" ಅಂದ.

ಒಳಗೆ ಹೋಗಲು ಎದ್ದವನು, ಬಾಗಿಲ ಚೌಕಟ್ಟು ಹಿಡಿದು ನಿಂತ. "ಒಂದು ಬರಿ. ಅವಳು ಕೊಡ ಮುಟ್ಟೋದು ಬೇಡ. ಬಾವಿಯಿಂದ ನೀರು ನಾನೇ ತರ್ತೀನಿ. ಹಾಕೋದೂ ನಾನೇ. ಅವಳು ನನ್ನ ಹತ್ತಿರ ನಿಂತಿರಲಿ, ಅಷ್ಟೇ."

ಡ್ರೈವರಿಗೂ ಮೇನೇಜರಿಗೂ ಹೇಳಿದ್ದೇನೆ. ಎಣ್ಣೆ ಹಾಕಲು ಎಂಜಿನ್ ನಿಲ್ಲಿಸುವ ಹೊತ್ತಿಗೆ ಪುಡಿ ಚೆನ್ನಾಗಿ ಬಿಸಿ ಇರುತ್ತದೆ, ಸದ್ದೂ ಇರುವುದಿಲ್ಲ. ಬೇರೆ ಯಾರೂ ಅಲ್ಲಿ ಇರುವುದಿಲ್ಲ, ನಾವು ಮೂವರೇ.

ಏಪ್ರಿಲ್ ೨೨, ಸೋಮವಾರ, ಬೆಳಗ್ಗೆ ಹತ್ತು ಗಂಟೆಗೆ, ಯಂತ್ರದ ಹತ್ತಿರ.

ನಿನ್ನ ತಂಗಿ